ನೆತ್ತಿಯ ಮೇಲಿನ ರೆಕ್ಕೆ

ಅಮೆರಿಕದ ಆರ್‌ವಿಗಳ, ಅಂದರೆ ಮನೆಯನ್ನೇ ಹೊತ್ತು ತಿರುಗುವ ಗಾಡಿಗಳ, ನೆತ್ತಿಯ ಮೇಲೆ ಬಾವಲಿಯಂತೆ ರೆಕ್ಕೆ ಚಾಚಿ ನಿಲ್ಲುವ ವೈನ್‌ಗಾರ್ಡ್ ಸೆನ್ಸಾರ್ ಆಂಟೆನಾ ನನಗೆ ಬಲು ಇಷ್ಟ. ಒಳಗಿನಿಂದಲೇ ಚಾವಣಿಯ ಹಿಡಿಕೆ ತಿರುವಿದರೆ ಅದು ಮೇಲೇಳುತ್ತದೆ. ಹಿಡಿಕೆಯ ಬುಡದ ಬಿಲ್ಲೆಯನ್ನು ಕೆಳಗೆಳೆದು ಹೊರಳಿಸಿದರೆ ಟಿವಿ ಗೋಪುರದತ್ತ ಮುಖ ಮಾಡುತ್ತದೆ. ದೂರದರ್ಶನದ ಕಾಲದಲ್ಲಿ ಮಾಡು ಹತ್ತಿ "ಬಂತಾ, ಬಂತಾ?" ಎಂದು ಕೂಗಿದವರಿಗೆ ಈ ಸುಖದ ಬೆಲೆ ಗೊತ್ತು.

2009ರಲ್ಲಿ ಅಲ್ಲಿನ ಪ್ರಸಾರ ಡಿಜಿಟಲ್ ಆದಾಗ ಬಹಳಷ್ಟು ಚಾನೆಲ್‌ಗಳು ಯುಎಚ್‌ಎಫ್ ಎಂಬ ಹೆಚ್ಚಿನ ಆವರ್ತನದ ಅಲೆಗಳಿಗೆ ಸರಿದವು. ಆದರೂ ಹಳೆಯ ಆಂಟೆನಾ ಕಿತ್ತೆಸೆಯಬೇಕಾಗಲಿಲ್ಲ. ಅದರ ಮುಂಭಾಗಕ್ಕೆ ಸಿಕ್ಕಿಸುವ ವಿಂಗ್‌ಮನ್ ಎಂಬ ಪುಟ್ಟ ಜೋಡಣೆ ಬಂತು. ಯುಎಚ್‌ಎಫ್ ಅಲೆಗಳನ್ನು ಹಿಡಿಯುವ ಶಕ್ತಿ ಹೆಚ್ಚಿತು. ಇದ್ದುದನ್ನೇ ಉಳಿಸಿ ಬೆಳೆಸುವ ಇಂಥ ಜಾಣ್ಮೆ ನಿಜಕ್ಕೂ ದೊಡ್ಡದು.

ಟಿವಿ ಬಳಿಯ ಗೋಡೆಯಲ್ಲೊಂದು ಸ್ವಿಚ್ಚು, ಪಕ್ಕದಲ್ಲಿ ಚಿಕ್ಕ ದೀಪ. ಒತ್ತಿದರೆ 12 ವೋಲ್ಟ್ ವಿದ್ಯುತ್ತು ಆಂಟೆನಾದಿಂದ ಇಳಿದು ಬರುವ ಕೇಬಲ್‌ನಲ್ಲೇ ಮೇಲೇರಿ ಆಂಟೆನಾದ ಆಂಪ್ಲಿಫೈಯರನ್ನು ಎಬ್ಬಿಸುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದ್ದರೆ ಮೊದಲು ನೋಡಬೇಕಾದ್ದು ಈ ದೀಪವನ್ನೇ. ಊರು ಬದಲಾದಾಗಲೆಲ್ಲ ಚಾನೆಲ್‌ಗಳನ್ನು ಮತ್ತೆ ಸ್ಕ್ಯಾನ್ ಮಾಡಬೇಕು.

ಅಲ್ಲಿ ಆರ್‌ವಿ ಬಾಡಿಗೆಗೆ ಹಿಡಿದು ಹೊರಡುವ ಕನ್ನಡಿಗರೇ, ಗಾಡಿ ಚಾಲೂ ಮಾಡುವ ಮುನ್ನ ಆಂಟೆನಾ ಇಳಿಸುವುದನ್ನು ಮಾತ್ರ ಮರೆಯಬೇಡಿ.