ಶ್ರುತಿ ಹಿಡಿದವನ ಜಾಗ: ಕಾಲೇಜಿನ ನಾಗಸ್ವರ ಪಾಠವನ್ನು ಕುರಿತು

ಸಂಗೀತ ಶಿಕ್ಷಣವನ್ನು ಕುರಿತ ನಮ್ಮ ಚರ್ಚೆಗಳಲ್ಲಿ ಒಂದು ಅಭಿಪ್ರಾಯ ಪದೇಪದೇ ವ್ಯಕ್ತವಾಗುತ್ತದೆ. ಕಾಲೇಜಿನಲ್ಲಿ ವಿದ್ಯಾರ್ಥಿಗಳನ್ನು ಗುಂಪಾಗಿ ಕೂರಿಸಿ ಹೇಳುವ ಪಾಠ ಯಾಂತ್ರಿಕವಾದುದು. ಒಬ್ಬ ಅಧ್ಯಾಪಕರು ಒಬ್ಬ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಹೇಳುವ ಪಾಠವೇ ಗುರುಕುಲಕ್ಕೆ ಸಮೀಪವಾದುದು ಎಂಬುದು ಆ ಅಭಿಪ್ರಾಯ. ಗಾಯನ, ವೀಣೆಗಳ ಮಟ್ಟಿಗೆ ಇದು ಸ್ವಲ್ಪಮಟ್ಟಿಗೆ ನಿಜವಿರಬಹುದು. ಆದರೆ ಸುಷಿರ ವಾದ್ಯಗಳ, ಅದರಲ್ಲಿಯೂ ನಾಗಸ್ವರದ ವಿಷಯದಲ್ಲಿ ಇದನ್ನು ಪರಿಶೀಲಿಸದೆ ಒಪ್ಪುವಂತಿಲ್ಲ. ನಾಗಸ್ವರದ ಪರಂಪರೆಯಲ್ಲಿ ಕಲಿಯುವವನು ಗುರುವಿನ ಎದುರಿಗೆ ಕುಳಿತದ್ದಕ್ಕಿಂತ ಪಕ್ಕದಲ್ಲಿ ನಿಂತದ್ದೇ ಹೆಚ್ಚು. ಎದುರಿಗೂ ಪಕ್ಕಕ್ಕೂ ಇರುವ ಈ ಅಂತರವೇ ಪ್ರಸ್ತುತ ಲೇಖನದ ವಸ್ತು.

ನಮ್ಮ ಹಳ್ಳಿಗಳಲ್ಲಿ ಈ ವಾದ್ಯಕ್ಕೆ ನಾಗಸ್ವರ ಎಂಬ ಹೆಸರಿಗಿಂತ ಓಲಗ ಅಥವಾ ವಾಲಗ ಎಂಬ ಹೆಸರೇ ರೂಢಿ. ಓಲಗವೆಂದರೆ ಹಳಗನ್ನಡದಲ್ಲಿ ರಾಜಸಭೆ, ಸೇವೆ. ಸೇವೆಗೆ ನಿಂತ ವಾದ್ಯಮೇಳಕ್ಕೇ ಆ ಹೆಸರು ಬಂದಿರುವುದು ಅರ್ಥಪೂರ್ಣವಾಗಿದೆ. ಒಂದು ಕೊಳವೆಯನ್ನು ಮಾತ್ರ ಓಲಗವೆಂದು ಯಾರೂ ಕರೆಯುವುದಿಲ್ಲ. ನಾಗಸ್ವರ, ಡೋಲು, ಶ್ರುತಿ, ತಾಳ ಸೇರಿದರೆ ಓಲಗ. ಕೊಡಗಿನಲ್ಲಿ ವಾಲಗಕ್ಕೆ ಕುಣಿಯುತ್ತಾರೆ, ಕರಾವಳಿಯಲ್ಲಿ ಅದರೊಡನೆ ದೈವದ ನೇಮ ನಡೆಯುತ್ತದೆ. ಉತ್ತರ ಕರ್ನಾಟಕದ ಸನಾದಿಯ ಕಥೆಯೂ ಬೇರೆಯಲ್ಲ. ಈ ಎಲ್ಲ ಕಡೆಯೂ ವಾದ್ಯ ಒಂದು ಕಾರ್ಯದೊಳಗೆ ನುಡಿಯುತ್ತದೆ. ಅದನ್ನು ಕಲಿಯುವುದೆಂದರೆ ಆ ಕಾರ್ಯದ ನಡೆಯನ್ನೂ ಕಲಿಯುವುದೆಂದೇ ಅರ್ಥ.

ಮನೆತನದ ಕಲಿಕೆಯ ಕ್ರಮ ಸ್ಥೂಲವಾಗಿ ಹೀಗಿತ್ತು. ಹುಡುಗನ ಕೈಗೆ ಮೊದಲು ತಾಳ ಕೊಡುತ್ತಿದ್ದರು. ಆಮೇಲೆ ಒತ್ತು, ಎಂದರೆ ಶ್ರುತಿ ಹಿಡಿಯುವ ಕೊಳವೆ. ನೋಡಲು ಅದು ನಾಗಸ್ವರದಂತೆಯೇ ಇರುತ್ತದೆ. ಬೆರಳಾಡಿಸುವ ರಂಧ್ರಗಳು ಮಾತ್ರ ಇರುವುದಿಲ್ಲ. ತುದಿಯ ಕಡೆಗಿರುವ ಕೆಲವು ತೂತುಗಳಿಗೆ ಮೇಣ ಮೆತ್ತಿ ಶ್ರುತಿಯನ್ನು ಸರಿಮಾಡಿಕೊಳ್ಳುತ್ತಾರೆ. ಅದನ್ನು ಊದುವವನು ಒಂದೇ ಸ್ವರವನ್ನು ಕಡಿಯದಂತೆ ಹಿಡಿದಿರಬೇಕು. ಅದಕ್ಕಾಗಿ ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಅದನ್ನು ಹೊರದೂಡುತ್ತಿರುವಾಗಲೇ ಮೂಗಿನಿಂದ ಉಸಿರೆಳೆದುಕೊಳ್ಳುವ ಅಭ್ಯಾಸ ಬೇಕು. ಹೊರಗಿನವರಿಗೆ ಇದು ಕೀಳು ಕೆಲಸವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ, ಏಕೆಂದರೆ ಅದರಲ್ಲಿ ರಾಗವೂ ಇಲ್ಲ, ಕೃತಿಯೂ ಇಲ್ಲ. ಆದರೆ ವರ್ಷಗಟ್ಟಲೆ ಹಾಗೆ ನಿಂತ ಹುಡುಗನಿಗೆ ಒದಗುತ್ತಿದ್ದುದು ಏನೆಂಬುದನ್ನು ಎಣಿಸಿ ನೋಡಬೇಕು. ಉಸಿರಿನ ಹಿಡಿತ ಅವನಿಗೆ ಬಂತು. ಶ್ರುತಿ ಅವನ ಮೈಗೆ ಹತ್ತಿತು. ಮೊಳದ ದೂರದಲ್ಲಿ ಹಿರಿಯರು ರಾಗ ಬಿಡಿಸುವುದನ್ನು, ಯಾವ ಗಳಿಗೆಯಲ್ಲಿ ನಿಲ್ಲಿಸಿ ಡೋಲಿಗೆ ಬಿಟ್ಟುಕೊಡುತ್ತಾರೆಂಬುದನ್ನು, ಸೀವಾಳಿ ಕೈಕೊಟ್ಟಾಗ ಏನು ಮಾಡುತ್ತಾರೆಂಬುದನ್ನು, ಅವನಿಗೆ ಪಾಠವೆಂದು ಯಾರೂ ಹೇಳದೆಯೇ ಅವನು ಕಂಡ. ಬನಾರಸಿನ ಶಹನಾಯಿ ಮೇಳಗಳಲ್ಲಿಯೂ ಸುರ್ ಹಿಡಿಯುವವರು ಶಿಷ್ಯರೋ ಬಂಧುಗಳೋ ಆಗಿರುತ್ತಿದ್ದುದನ್ನು ಇಲ್ಲಿ ನೆನೆಯಬಹುದು.

ಶ್ರುತಿಪೆಟ್ಟಿಗೆ ಬಂದ ಮೇಲೆ ಒತ್ತು ಹಿನ್ನೆಲೆಗೆ ಸರಿಯಿತು. ಇದನ್ನು ಅನುಕೂಲದ ಬದಲಾವಣೆಯೆಂದಷ್ಟೇ ವಾದ್ಯಗಳ ಇತಿಹಾಸ ಗುರುತಿಸುತ್ತದೆ. ಶಿಕ್ಷಣದ ದೃಷ್ಟಿಯಿಂದ ನೋಡಿದರೆ ಕಲಿಯುವವನು ನಿಲ್ಲುತ್ತಿದ್ದ ಜಾಗವೇ ಅಲ್ಲಿ ಇಲ್ಲವಾಯಿತು.

ಈ ಜಾಗವನ್ನು ಕಾಲೇಜಿನ ವೈಯಕ್ತಿಕ ಪಾಠ ತುಂಬಿಕೊಟ್ಟಿತೇ? ಅದು ಕೊಟ್ಟಿರುವುದನ್ನು ಮೊದಲು ಒಪ್ಪಿಕೊಳ್ಳಬೇಕು. ನಾಗಸ್ವರದಲ್ಲಿ ಬೆರಳಾಡುವ ರಂಧ್ರಗಳು ಏಳು; ಕೀಲಿಗಳಿಲ್ಲ. ಸ್ವರಗಳ ಸೂಕ್ಷ್ಮ ಭೇದಗಳು, ಗಮಕಗಳು ಅರ್ಧ ತೆರೆದ ಬೆರಳಿನಿಂದ, ತುಟಿಯ ಒತ್ತಡದಿಂದ, ಗಾಳಿಯ ಏರಿಳಿತದಿಂದ ಹುಟ್ಟಬೇಕು. ಒಬ್ಬನ ತುಟಿ ಇನ್ನೊಬ್ಬನದರಂತೆ ಇರುವುದಿಲ್ಲವಾದ್ದರಿಂದ ಇಲ್ಲಿ ಗುಂಪಿನ ಪಾಠ ನಿಷ್ಪ್ರಯೋಜಕ. ಒಬ್ಬೊಬ್ಬರನ್ನೇ ಕೇಳಿ ತಿದ್ದುವ ಒಂದು ಗಂಟೆಗೆ ಬೆಲೆಯಿದೆ. ಇನ್ನೂ ಮುಖ್ಯವಾದದ್ದು ಕಾಲೇಜು ತೆರೆದ ಬಾಗಿಲು. ಸವಿತಾ ಸಮಾಜ, ದೇವಾಡಿಗ, ಭಜಂತ್ರಿ ಮೊದಲಾದ ಸಮುದಾಯಗಳಲ್ಲಿ ವಂಶಪಾರಂಪರ್ಯವಾಗಿ ಉಳಿದ ಈ ವಿದ್ಯೆ ಅವರ ಹೆಣ್ಣುಮಕ್ಕಳಿಗೂ ಬಹುಮಟ್ಟಿಗೆ ಮುಚ್ಚಿತ್ತು. ಆಂಧ್ರದ ಕಾಲೀಶಾಬಿ ಮೆಹಬೂಬ್ ಅವರಿಗೆ ಪತಿ ಶೇಕ್ ಮೆಹಬೂಬ್ ಸುಭಾನಿ ಅವರೊಡನೆ 2020ರಲ್ಲಿ ಪದ್ಮಶ್ರೀ ಸಂದಿತು. ಆದರೂ ನಾಗಸ್ವರ ಹಿಡಿದ ಹೆಣ್ಣನ್ನು ಇಂದಿಗೂ ಅಪರೂಪವೆಂದೇ ನೋಡಲಾಗುತ್ತದೆ. ಹುಟ್ಟನ್ನು ಕೇಳದೆ ಶುಲ್ಕದ ರಸೀತಿಯನ್ನಷ್ಟೇ ಕೇಳುವ ಸಂಸ್ಥೆಯನ್ನು ಜಾನಪದದ ಹೆಸರಿನಲ್ಲಿ ಹಳಿಯುವುದು ನ್ಯಾಯವಲ್ಲ. ಓಲಗದವರನ್ನು ಚಪ್ಪರದ ಹೊರಗೆ ಕೂರಿಸಿ ಉಣಬಡಿಸಿದ ಸಮಾಜ ನಮ್ಮದು. ಆ ಪಕ್ಕದ ಜಾಗವನ್ನು ಹಾಡಿಹೊಗಳುವಾಗ ಇದನ್ನು ಮರೆಯಬಾರದು.

ಹಾಗಿದ್ದರೂ ಪ್ರಶ್ನೆ ಉಳಿಯುತ್ತದೆ. ಅದು ತೀಕ್ಷ್ಣವಾಗುವುದು ಸೀವಾಳಿಯ ವಿಷಯದಲ್ಲಿ. ಜೊಂಡಿನಿಂದ ಮಾಡಿದ, ತುಟಿಗಿಡುವ ಈ ಪೀಪಿಯೇ ವಾದ್ಯದ ಪ್ರಾಣ. ನಾಗಸ್ವರಕ್ಕೆ ದಾರದಲ್ಲಿ ಕಟ್ಟಿ ಇಳಿಬಿಟ್ಟ ಬದಲಿ ಸೀವಾಳಿಗಳೂ ಅದರ ಬಾಯಿ ಬಿಡಿಸುವ ಸೂಜಿಯೂ ಅಲಂಕಾರಕ್ಕೆ ಇರುವಂಥವಲ್ಲ. ಒದ್ದೆ ಮಾಡುವುದು, ಒತ್ತಿ ಬಿಗಿಮಾಡುವುದು, ಹವೆ ಬದಲಾದಾಗ ಬೇರೊಂದನ್ನು ಆಯ್ದುಕೊಳ್ಳುವುದು, ಇವು ಗೊತ್ತಿಲ್ಲದವನು ಎಷ್ಟು ಕೃತಿ ಕಲಿತರೂ ಅವನ ಶ್ರುತಿ ನಿಲ್ಲುವುದಿಲ್ಲ. ಕಾಲೇಜಿನ ಪಠ್ಯವಾದರೋ ಗಾಯನದ ಜಾಡಿನಲ್ಲಿಯೇ ಸಾಗುತ್ತದೆ: ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ, ಕೃತಿ. ಸೀವಾಳಿಗೆ ಅಂಕಗಳಿಲ್ಲ.

ಇಲ್ಲಿ ನಾವು ಪಶ್ಚಿಮದಿಂದ ಎರವಲು ಪಡೆದದ್ದೇನು, ಬಿಟ್ಟದ್ದೇನು ಎಂಬುದನ್ನು ಗಮನಿಸಬೇಕು. 1795ರಲ್ಲಿ ಸ್ಥಾಪನೆಯಾದ ಪ್ಯಾರಿಸ್ಸಿನ ಕಾನ್ಸರ್ವೇಟರಿಯ ಒಂದು ಬೇರು ರಾಷ್ಟ್ರೀಯ ಕಾವಲು ಪಡೆಯ ವಾದ್ಯವೃಂದದಲ್ಲಿದೆ. ಬಯಲಿನ ಉತ್ಸವಗಳಿಗೆ, ಸೇನೆಗೆ ಊದುವವರನ್ನು ತಯಾರಿಸುವುದು ಅದರ ಆರಂಭದ ಉದ್ದೇಶಗಳಲ್ಲಿ ಒಂದಾಗಿತ್ತು. ಎಂದರೆ ಅಲ್ಲಿಯೂ ಸುಷಿರ ವಾದ್ಯ ಮೆರವಣಿಗೆಯಿಂದಲೇ ಕೋಣೆಗೆ ಬಂದದ್ದು. ಅಡಾಲ್ಫ್ ಸ್ಯಾಕ್ಸ್ 1857ರಲ್ಲಿ ಅಲ್ಲಿ ಸೇನೆಯ ವಿದ್ಯಾರ್ಥಿಗಳಿಗೆ ಆರಂಭಿಸಿದ ಸ್ಯಾಕ್ಸೊಫೋನ್ ತರಗತಿ 1870ರಲ್ಲಿ ನಿಂತಿತು. ಮತ್ತೆ ಆರಂಭವಾದದ್ದು 1942ರಲ್ಲಿ, ಮಾರ್ಸೆಲ್ ಮ್ಯೂಲ್ ಅವರ ಕಾಲಕ್ಕೆ. ನಡುವಣ ಎಪ್ಪತ್ತೆರಡು ವರ್ಷ ಆ ಕಾಲೇಜಿನ ಹಂಗಿಲ್ಲದೆ ವಾದ್ಯ ಬ್ಯಾಂಡುಗಳಲ್ಲಿ ಬದುಕಿತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮಾರುಹೋದವರು ಕದ್ರಿ ಗೋಪಾಲನಾಥ್ (1949-2019). ಅವರ ತಂದೆ ನಾಗಸ್ವರ ವಾದಕರು. ಗೋಪಾಲನಾಥರು ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ ಬಳಿಕ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಕಲಿತರು. ಎರಡನೆಯವರು ಪ್ರಸಿದ್ಧರಾದದ್ದು ಗಾಯನ ಮತ್ತು ಮೃದಂಗಗಳಲ್ಲಿ. ಊದುವ ವಿದ್ಯೆಯನ್ನು ಅಲ್ಲಿಂದ ಪಡೆಯುವಂತಿರಲಿಲ್ಲ. ಗುರುಗಳಿಂದ ಸಂಗೀತ ಬಂತು, ಊದುವ ಮೈ ಮನೆಯ ನಾಗಸ್ವರದಿಂದ ಬಂತು ಎಂದು ನಾನು ಭಾವಿಸುತ್ತೇನೆ.

ಇಂದು ಯುರೋಪು, ಅಮೆರಿಕಗಳ ವಿಶ್ವವಿದ್ಯಾನಿಲಯಗಳಲ್ಲಿ ಓಬೊ ಅಥವಾ ಬಸೂನ್ ಕಲಿಯುವವರಿಗೆ ವಾರಕ್ಕೊಮ್ಮೆ ವೈಯಕ್ತಿಕ ಪಾಠವಿರುತ್ತದೆ. ಆದರೆ ಅದು ಒಂಟಿಯಾಗಿರುವುದಿಲ್ಲ. ಒಬ್ಬ ಅಧ್ಯಾಪಕರ ಶಿಷ್ಯರೆಲ್ಲ ಒಟ್ಟಿಗೆ ಸೇರಿ ಪರಸ್ಪರ ನುಡಿಸಿ ಕೇಳುವ ತರಗತಿ ಇರುತ್ತದೆ. ವೃಂದದಲ್ಲಿ ನುಡಿಸುವುದು ಸಾಮಾನ್ಯವಾಗಿ ಕಡ್ಡಾಯ. ಜೊಂಡನ್ನು ಚಾಕುವಿನಿಂದ ಹೆರೆದು ಪೀಪಿ ಮಾಡಿಕೊಳ್ಳುವುದು ಕಲಿಕೆಯ ಭಾಗವೇ ಆಗಿರುತ್ತದೆ. ಪೀಪಿಯ ಮೇಜಿನ ಮುಂದೆ ಅವರು ಕಳೆಯುವ ಸಮಯವೇನೂ ಕಡಿಮೆಯದಲ್ಲ. ಗಂಟೆಯ ಪಾಠವನ್ನು ಅಲ್ಲಿಂದ ತಂದ ನಾವು ಬಹುಮಟ್ಟಿಗೆ ಆ ಮೇಜನ್ನೂ ಆ ಸಹವಾಸವನ್ನೂ ಅಲ್ಲಿಯೇ ಬಿಟ್ಟೆವು. ನಮ್ಮದೇ ಮೇಳದಲ್ಲಿ ಅವೆರಡೂ ಇದ್ದುವೆಂಬುದನ್ನು ನೋಡಲಿಲ್ಲ. ಗುರುಕುಲವನ್ನು ಉಳಿಸಿಕೊಂಡೆವೆಂಬ ಸಮಾಧಾನ ಮಾತ್ರ ಉಳಿಯಿತು.

ಪರೀಕ್ಷೆಯ ವಿಷಯಕ್ಕೆ ಬಂದರೆ ಗಟ್ಟಿಮೇಳವೊಂದೇ ಉದಾಹರಣೆ ಸಾಕು. ಮದುವೆಯ ಮನೆಯಲ್ಲಿ ನಾಗಸ್ವರದವನು ರಾಗದ ಮಧ್ಯದಲ್ಲಿರುತ್ತಾನೆ. ಅವನ ಕಣ್ಣು ಪುರೋಹಿತರ ಕೈಯ ಮೇಲಿರುತ್ತದೆ. ಸನ್ನೆ ಬಿದ್ದೊಡನೆ, ಎಲ್ಲಿದ್ದರೂ ಅಲ್ಲಿಂದ, ಡೋಲಿನವನೂ ಅವನೂ ಒಂದೇ ಕ್ಷಣಕ್ಕೆ ದ್ರುತಕ್ಕೆ ನೆಗೆಯಬೇಕು. ಆ ಕ್ಷಣ ತಪ್ಪಿದರೆ ಮಾಂಗಲ್ಯಧಾರಣೆಯೇ ಬಡವಾದಂತೆ ಮನೆಯವರಿಗೆ ತೋರುತ್ತದೆ. ತಮಿಳುನಾಡಿನ ದೇವಾಲಯಗಳಲ್ಲಿ ಗಂಭೀರನಾಟ ರಾಗದ ಮಲ್ಲಾರಿಯನ್ನು ತೀರ್ಥಕ್ಕೊಂದು, ತಳಿಗೆಗೊಂದು, ತೇರಿಗೊಂದು ಎಂದು ಬೇರೆಬೇರೆಯಾಗಿ ನುಡಿಸುವಲ್ಲಿಯೂ ಇದೇ ವಿವೇಕ ಕೆಲಸ ಮಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಒಬ್ಬ ಅಧ್ಯಾಪಕ, ಒಬ್ಬ ವಿದ್ಯಾರ್ಥಿ, ಒಂದು ವಿದ್ಯುತ್ ಶ್ರುತಿಪೆಟ್ಟಿಗೆ ಇದ್ದಲ್ಲಿ ಇದನ್ನು ಹೇಳಿಕೊಡುವ ದಾರಿಯೇ ಇಲ್ಲ. ಹೀಗಾಗಿ ಪದವಿ ಪಡೆದವನು ಕಛೇರಿಯ ವೇದಿಕೆಯನ್ನೇ ನಿರೀಕ್ಷಿಸುತ್ತಾನೆ, ಆ ವೇದಿಕೆಗಳಲ್ಲಿ ನಾಗಸ್ವರಕ್ಕೆ ಸಿಗುವ ಅವಕಾಶವೋ ಅತ್ಯಲ್ಪ. ಮದುವೆ, ಉತ್ಸವಗಳಿಗೆ ಅವನ ಶಿಕ್ಷಣ ಅವನನ್ನು ಸಿದ್ಧಗೊಳಿಸಿಲ್ಲ. ಕರಾವಳಿಯ ಮದುವೆಗಳಲ್ಲಿ ಈಗ ಸ್ಯಾಕ್ಸೊಫೋನ್ ಮೊಳಗುತ್ತಿರುವುದಕ್ಕೆ ಬರಿಯ ಹೊಸ ಅಭಿರುಚಿಯೇ ಕಾರಣವೆನ್ನುವವರು ಈ ಮಗ್ಗುಲನ್ನೂ ನೋಡಬೇಕು.

ಜಾನಪದ ಅಧ್ಯಯನವೂ ಈ ವಿಷಯದಲ್ಲಿ ಹೆಚ್ಚು ಸಹಾಯ ಮಾಡಿಲ್ಲ. ಹಾಡುಗಳನ್ನು ಸಂಗ್ರಹಿಸಿದೆವು, ವಾದ್ಯಗಳ ಉದ್ದಗಲ ಅಳೆದೆವು, ಕಲಾವಿದರ ಪಟ್ಟಿ ಮಾಡಿದೆವು. ಕಲಿಕೆಯ ಕ್ರಮವನ್ನೇ ಕ್ಷೇತ್ರಕಾರ್ಯದ ವಸ್ತುವಾಗಿ ಹಿಡಿದದ್ದು ವಿರಳ. ಅಧ್ಯಾಪಕರ ನೇಮಕಾತಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2010ರ ನಿಯಮಾವಳಿ ಪರಂಪರಾಗತ ಕಲಾವಿದರಿಗೂ ಒಂದು ದಾರಿ ತೆರೆಯಿತಾದರೂ ಅದು ಇಟ್ಟ ಅಳತೆಗೋಲುಗಳಲ್ಲಿ ಒಂದು ಆಕಾಶವಾಣಿಯ ದರ್ಜೆ. ಆ ದರ್ಜೆ ಅಳೆಯುವುದು ಕಛೇರಿಯ ನಾಗಸ್ವರವನ್ನು. ತೇರಿನ ಮುಂದೆ ನಾಲ್ಕು ಗಂಟೆ ನಿಂತವನ ವಿದ್ಯೆಯನ್ನು ಅಳೆಯಲು ಅದರಲ್ಲಿ ಅವಕಾಶವಿಲ್ಲ. ಸೀವಾಳಿ ಕಟ್ಟಬಲ್ಲ ಹಿರಿಯ ಓಲಗದವರು ಕಾಲೇಜಿಗೆ ಬರುವುದು ಪ್ರಾತ್ಯಕ್ಷಿಕೆಯ ದಿನ, ಶಾಲು ಹೊದೆಸಿಕೊಳ್ಳಲು.

ವೈಯಕ್ತಿಕ ಪಾಠವನ್ನು ಕೈಬಿಡಬೇಕೆಂಬುದು ಈ ವಾದದ ತಾತ್ಪರ್ಯವಲ್ಲ. ಅದನ್ನು ಮೇಳದೊಳಗೆ ಇರಿಸಬೇಕೆಂಬುದು. ಮೊದಲ ವರ್ಷದ ವಿದ್ಯಾರ್ಥಿ ಹಿರಿಯ ವಿದ್ಯಾರ್ಥಿಗಳ ಪಾಠದ ವೇಳೆಯಲ್ಲಿ ಒತ್ತು ಊದುತ್ತ ಪಕ್ಕದಲ್ಲಿ ನಿಲ್ಲುವ ವ್ಯವಸ್ಥೆಗೆ ಹೊಸ ಹುದ್ದೆಯೂ ಬೇಡ, ಹೊಸ ಕಟ್ಟಡವೂ ಬೇಡ. ಆ ನಿಂತ ಗಂಟೆಗಳನ್ನು ಹಾಜರಾತಿಯಲ್ಲಿ ಎಣಿಸಿದರೆ ಸಾಕು. ಸೀವಾಳಿಗೆ ಒಂದು ಪ್ರಾಯೋಗಿಕ ಪತ್ರಿಕೆ ಇರಬೇಕು, ಅದನ್ನು ಕಲಿಸುವವರಿಗೆ ಪದವಿ ಕೇಳಬಾರದು. ಅಂತಿಮ ಪರೀಕ್ಷೆಯ ಒಂದು ಭಾಗ ಊರಿನ ಯಾವುದಾದರೊಂದು ಉತ್ಸವದಲ್ಲಿ ನಡೆಯಲಿ, ಪರೀಕ್ಷಕರಲ್ಲಿ ಒಬ್ಬರು ಡೋಲಿನವರಾಗಿರಲಿ.