ಹಬ್ಬ ಅವರದು, ಮನೆ ನಮ್ಮದು

ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಹಬ್ಬವಿಲ್ಲ, ಕ್ರಿಸ್‌ಮಸ್ ಸಿನಿಮಾ ಇದೆ. ಇದು ಶುರುವಾದದ್ದು ಔರಂಗಾಬಾದಿನಲ್ಲಿ. 2023ರಲ್ಲಿ ಆ ಊರು ಛತ್ರಪತಿ ಸಂಭಾಜಿನಗರವಾಯಿತು. ನಾವಿದ್ದಾಗ ಇನ್ನೂ ಔರಂಗಾಬಾದೇ. ವಾಳೂಜದ ಕಾರ್ಖಾನೆಯೊಂದರಲ್ಲಿ ಕೆಲಸ, ಸಿಡ್ಕೊದಲ್ಲಿ ಬಾಡಿಗೆ ಮನೆ. ದೀಪಾವಳಿಗೆ ಅಲ್ಲಿಯವರೆಲ್ಲ ರಜೆ ಹಾಕುತ್ತಿದ್ದರು, ಆಗ ಮಷಿನ್ ಮುಂದೆ ನಿಲ್ಲುವ ಪಾಳಿ ನಮ್ಮಂಥ ಹೊರಗಿನವರದು. ನಮ್ಮ ಪಾಲಿಗೆ ಉಳಿಯುತ್ತಿದ್ದದ್ದು ಡಿಸೆಂಬರ್ ಕೊನೆಯ ಎರಡು ಮೂರು ದಿನ. ಅಷ್ಟರಲ್ಲಿ ಹಾವೇರಿಗೆ ಹೋಗಿ ಬರುವುದು ಎಲ್ಲಿಯ ಮಾತು?

ಕೆಳಗಿನ ಮನೆಯಲ್ಲಿ ಮಂಗಳೂರು ಕಡೆಯ ಕ್ರಿಶ್ಚಿಯನ್ ಕುಟುಂಬವಿತ್ತು. ಹಬ್ಬದ ದಿನ ಆ ಬಾಯಮ್ಮ ತಟ್ಟೆ ತುಂಬ ಕುಸ್ವಾರ್ ಕಳಿಸಿದರು. ನನ್ನ ಹೆಂಡತಿ ಅದರಲ್ಲಿದ್ದ ನೆವ್ರಿಯನ್ನು ಮುರಿದು ನೋಡಿ, "ಇದು ನಮ್ಮ ಕರ್ಚಿಕಾಯಿನ ಐತಿ ನೋಡ್ರಿ" ಅಂದಳು. ಅವಳ ದನಿ ಯಾಕೋ ತೊಡರಿತು. ತಟ್ಟೆಯ ಜೊತೆ ಅವರ ಮಕ್ಕಳು ಒಂದು ವಿಡಿಯೋ ಕ್ಯಾಸೆಟ್ಟನ್ನೂ ತಂದಿದ್ದರು. 'ಹೋಮ್ ಅಲೋನ್'.

1990ರ ಈ ಚಿತ್ರವನ್ನು ನೀವೂ ನೋಡಿರುತ್ತೀರಿ. ಶಿಕಾಗೋ ಹತ್ತಿರದ ದೊಡ್ಡ ಮನೆ. ಮನೆಮಂದಿಯೆಲ್ಲ ಕ್ರಿಸ್‌ಮಸ್‌ಗೆ ಪ್ಯಾರಿಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಎಂಟು ವರ್ಷದ ಕೆವಿನ್ ಮನೆಯಲ್ಲೇ ಉಳಿದುಬಿಡುತ್ತಾನೆ. ಇಬ್ಬರು ಕಳ್ಳರನ್ನು ಅವನು ಬಣ್ಣದ ಡಬ್ಬಿ, ಮೊಳೆ, ಇಸ್ತ್ರಿಪೆಟ್ಟಿಗೆಗಳಿಂದ ಗೋಳು ಹೊಯ್ದುಕೊಳ್ಳುವುದನ್ನು ನೋಡಿ ನಮ್ಮ ಹುಡುಗರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಎರಡನೇ ಸಲ ನೋಡಿದಾಗ ನನ್ನ ಕಣ್ಣು ಕಳ್ಳರ ಮೇಲಿರಲಿಲ್ಲ, ತಾಯಿಯ ಮೇಲಿತ್ತು. ಟಿಕೆಟ್ಟಿಲ್ಲದೆ ಒಂದೊಂದೇ ವಿಮಾನ ಬದಲಿಸುತ್ತ, ಕೊನೆಗೆ ಗುರುತಿಲ್ಲದ ವಾದ್ಯದವರ ವ್ಯಾನು ಹತ್ತಿ ಮನೆಗೆ ಬರುತ್ತಾಳೆ. ರಿಸರ್ವೇಶನ್ ಸಿಗದೆ ಪುಣೆಯವರೆಗೊಂದು ಬಸ್ಸು, ಬೆಳಗಾವಿಯವರೆಗೆ ಇನ್ನೊಂದು ಅಂತ ಊರಿಗೆ ಹೋದವರಿಗೆ ಆ ವ್ಯಾನು ಗೊತ್ತು. ಮೂರನೇ ಸಲ ಕಂಡವನು ಪಕ್ಕದ ಮನೆಯ ಮುದುಕ ಮಾರ್ಲಿ. ಮಗನ ಜೊತೆ ಮಾತು ಬಿಟ್ಟವನು; ಮೊಮ್ಮಗಳ ಹಾಡು ಕೇಳಲು ಚರ್ಚಿನಲ್ಲಿ ಅವರಿಗೆ ಕಾಣದ ಹಾಗೆ ಕೂತವನು. ಚಿತ್ರದ ಹೆಸರು ಹುಡುಗನದು, ನಿಜವಾಗಿ ಮನೆಯಲ್ಲಿ ಒಬ್ಬನೇ ಇರುವವನು ಈ ಮುದುಕ. ಗದ್ದಲದ ಹಾಸ್ಯದ ನಡುವೆ ಅವನಿಗೆ ಐದಾರು ನಿಮಿಷ ಕೊಟ್ಟದ್ದರಿಂದಲೇ ಈ ಸಿನಿಮಾ ಇಷ್ಟು ವರ್ಷ ಬಾಳಿದೆ ಅಂತ ನನ್ನ ಎಣಿಕೆ.

ಮುಂದೆ ನಾಸಿಕಕ್ಕೆ ಬಂದೆವು. ಅಲ್ಲಿ ಪಾಂಡವಲೇಣಿ ಗುಡ್ಡದ ಬುಡದಲ್ಲಿ ದಾದಾಸಾಹೇಬ ಫಾಲ್ಕೆಯವರ ಸ್ಮಾರಕವಿದೆ. ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಲ್ಲಿ 1870ರಲ್ಲಿ ಹುಟ್ಟಿದ ಫಾಲ್ಕೆಯವರಿಗೆ ಸಿನಿಮಾದ ಹುಚ್ಚು ಹಿಡಿಸಿದ್ದು ಮುಂಬಯಿಯಲ್ಲಿ ನೋಡಿದ ಯೇಸುಕ್ರಿಸ್ತನ ಜೀವನದ ಒಂದು ಮೂಕಿಚಿತ್ರ. 1910ರ ಕ್ರಿಸ್‌ಮಸ್ ಹೊತ್ತಿಗೆ ನೋಡಿದರು ಅಂತ ಬಹುಕಾಲ ಹೇಳಿಕೊಂಡು ಬಂದದ್ದು. ಅಲ್ಲ, 1911ರ ಈಸ್ಟರ್ ಅನ್ನುವವರೂ ಇದ್ದಾರೆ. ಪರದೆಯ ಮೇಲೆ ಕ್ರಿಸ್ತ ಓಡಾಡುತ್ತಿದ್ದರೆ ತಮ್ಮ ಮನಸ್ಸಿನಲ್ಲಿ ಕೃಷ್ಣ, ರಾಮ, ಗೋಕುಲ, ಅಯೋಧ್ಯೆ ಸುಳಿದವು ಅಂತ ಅವರೇ ಬರೆದಿದ್ದಾರೆ. 1913ರಲ್ಲಿ 'ರಾಜಾ ಹರಿಶ್ಚಂದ್ರ' ಬಂತು. ಅದರ ನಂತರ ನಾಸಿಕಕ್ಕೆ ಬಂದು ನೆಲೆ ನಿಂತರು. 1918ರ 'ಶ್ರೀಕೃಷ್ಣ ಜನ್ಮ'ದಲ್ಲಿ ಮಗಳು ಮಂದಾಕಿನಿಯೇ ಬಾಲಕೃಷ್ಣ. ಉಳಿದಿರುವ ತುಣುಕುಗಳಲ್ಲಿ ಆ ಹುಡುಗಿ ಕಾಳಿಂಗನ ಹೆಡೆಯ ಮೇಲೆ ನೀರಿನಿಂದ ಎದ್ದು ಬರುತ್ತಾಳೆ. ಕ್ರಿಸ್ತಜನನದ ಕಥೆಗೆ ಇದು ನಾಸಿಕದ ಉತ್ತರ. ನನ್ನ ಮಟ್ಟಿಗೆ ಇದೂ ಕ್ರಿಸ್‌ಮಸ್ ಸಿನಿಮಾದ ಸಂತತಿಯೇ.

ಇದನ್ನು ತಿಳಿದಾಗ ನನಗೆ ಕರ್ಚಿಕಾಯಿ ನೆನಪಾಯಿತು. ಹೊರಗಿದ್ದವರ ನೋಟವೇ ಹೀಗೆ. ವೇರೂಳಕ್ಕೆ ಹೋದರೆ ಕೈಲಾಸ ದೇವಾಲಯದ ಮುಂದೆ ನಿಂತು, "ಇದು ನಮ್ಮ ರಾಷ್ಟ್ರಕೂಟರ ಕೃಷ್ಣನ ಕಾಲದ್ದು" ಅಂತ ಮರಾಠಿ ಗೆಳೆಯರಿಗೆ ಹೇಳದೆ ನಮಗೆ ಸಮಾಧಾನವಿಲ್ಲ. ಅವರ ಹಬ್ಬದಲ್ಲಿ ನಮ್ಮ ಮನೆ ಕಾಣುವುದು ತಪ್ಪಲ್ಲ. ಆದರೆ ಬೇಕಾದದ್ದಷ್ಟೇ ಕಾಣುತ್ತದೆ, ಬೇಡದ್ದರ ಮೇಲೆ ಕಣ್ಣು ನಿಲ್ಲುವುದಿಲ್ಲ. ಇದನ್ನು ನನಗೆ ತೋರಿಸಿದವನು ನಮ್ಮಣ್ಣ.

2012ರ ಡಿಸೆಂಬರಿನಲ್ಲಿ ಅಪ್ಪನ ಅಸ್ಥಿ ತಗೊಂಡು ಅಣ್ಣ ನಾಸಿಕಕ್ಕೆ ಬಂದ. ರಾಮಕುಂಡದಲ್ಲಿ ಗೋದಾವರಿಗೆ ಬಿಟ್ಟು ಬಂದೆವು. ಸಂಜೆ ಮನೆಯಲ್ಲಿ ಯಾರಿಗೂ ಮಾತಿಲ್ಲ. ನನ್ನ ಮಗ ಎದ್ದು ಆ ವಾರ ನಾವು ಪ್ರತಿವರ್ಷ ನೋಡುವ ಚಿತ್ರ ಹಾಕಿದ. ಫ್ರಾಂಕ್ ಕಾಪ್ರಾನ 'ಇಟ್ಸ್ ಎ ವಂಡರ್‌ಫುಲ್ ಲೈಫ್', 1946ರದು, ಕಪ್ಪುಬಿಳುಪು. ಬಿಡುಗಡೆಯಾದಾಗ ಹಾಕಿದ ದುಡ್ಡು ಹುಟ್ಟಲಿಲ್ಲ. 1974ರಲ್ಲಿ ಹಕ್ಕುಸ್ವಾಮ್ಯದ ನವೀಕರಣ ಮರೆತದ್ದರಿಂದ ಟೀವಿಯವರು ಪುಕ್ಕಟೆ ಹಾಕತೊಡಗಿದರು. ಹಾಗೆ ಮನೆಮನೆಯ ಹಬ್ಬದ ಚಿತ್ರವಾಯಿತು.

ಕಥೆ ಇಷ್ಟು. ಲೋಕ ಸುತ್ತುವ ಆಸೆ ಹೊತ್ತ ಜಾರ್ಜ್, ಅಪ್ಪ ಸತ್ತ ಮೇಲೆ ಅವನ ಸಾಲದ ಸಂಸ್ಥೆ ನಡೆಸುತ್ತ ಊರಲ್ಲೇ ಉಳಿಯುತ್ತಾನೆ. ತಮ್ಮ ಹ್ಯಾರಿ ಓದಲು ಹೋಗುತ್ತಾನೆ, ದೊಡ್ಡವನಾಗುತ್ತಾನೆ. ಕ್ರಿಸ್‌ಮಸ್ ಹಿಂದಿನ ದಿನ ಸಂಸ್ಥೆಯ ಎಂಟು ಸಾವಿರ ಡಾಲರ್ ಕಳೆಯುತ್ತದೆ; ಜಾರ್ಜ್ ಸಾಯಲು ಹೊರಡುತ್ತಾನೆ. ಅವನು ಹುಟ್ಟದೇ ಇದ್ದಿದ್ದರೆ ಊರು ಏನಾಗುತ್ತಿತ್ತು ಅಂತ ಒಬ್ಬ ದೇವದೂತ ತೋರಿಸುತ್ತಾನೆ. ಕೊನೆಗೆ ಊರವರೆಲ್ಲ ದುಡ್ಡು ತಂದು ಸುರಿಯುತ್ತಾರೆ, ತಮ್ಮ ಹಿಮದ ಬಿರುಗಾಳಿಯಲ್ಲಿ ವಿಮಾನದಲ್ಲಿ ಬಂದು ಅಣ್ಣನನ್ನು ಹೊಗಳುತ್ತಾನೆ. ಇಷ್ಟು ವರ್ಷ ನಾನು ಆ ದೃಶ್ಯಕ್ಕೇ ಕಾದು ಕೂತು ಕಣ್ಣೊರೆಸಿಕೊಳ್ಳುತ್ತಿದ್ದೆ. ಊರು ಅಂದರೆ ಹೀಗೆ, ಒಂದು ದಿನ ನಾನೂ ಬಾಗಿಲು ತೆಗೆದು ಒಳಗೆ ಹೋಗುತ್ತೇನೆ ಅಂತ.

ಮಗ ಅಲ್ಲಲ್ಲಿ ಮರಾಠಿ ಬೆರೆಸಿದ ಕನ್ನಡದಲ್ಲಿ ಅರ್ಥ ಹೇಳಿದ. ಸಾಲದ ಸಂಸ್ಥೆ ಅಂದಕೂಡಲೇ ಅಣ್ಣ, "ನಮ್ಮ ಸೊಸೈಟಿ ಇದ್ದಂಗ" ಅಂದ. ಅವನು ಊರ ಸೊಸೈಟಿಯ ಲೆಕ್ಕ ನೋಡಿದವನು. ಮುಗಿದ ಮೇಲೆ ಕೇಳಿದ: "ಅಲ್ಲೋ, ಆ ರೊಕ್ಕ ಮುಚ್ಚಿಟ್ಟ ಸಾಹುಕಾರಗ ಏನೂ ಆಗಲೇ ಇಲ್ಲಲ್ಲ?"

ಹೌದು. ದುಡ್ಡು ಸಿಕ್ಕವನು ಸಾಹುಕಾರ ಪಾಟರ್. ಸುಮ್ಮನೆ ಇಟ್ಟುಕೊಂಡ, ಸಿಕ್ಕಿಬೀಳಲಿಲ್ಲ. ಅಷ್ಟು ಸಲ ನೋಡಿಯೂ ನನಗೆ ಅದು ಕೊರೆಯಾಗಿ ಕಂಡಿರಲಿಲ್ಲ. ಅಣ್ಣ ನಿಲ್ಲಿಸಲಿಲ್ಲ. "ತಮ್ಮ ಕಡೀಗೆ ಬಂದ, ಛಲೋ ಮಾತಾಡಿದ. ಮರುದಿನ ಏನ್ ಮಾಡಿದ ಅನ್ನೂದು ತೋರಿಸಲಿಲ್ಲ ನೋಡು."

ಅವನು ನನ್ನನ್ನು ಚುಚ್ಚಲು ಹೇಳಿದ್ದಲ್ಲ, ಸಿನಿಮಾದ ಮಾತೇ ಆಡಿದ. ಆದರೆ ಅಪ್ಪನ ಕೊನೆಯ ಎರಡು ವರ್ಷ ಹಾಸಿಗೆ ಬದಲಿಸಿದವನು ಅವನು. ನಾನು ಹಬ್ಬಕ್ಕೆ ಹೋಗಿ ಛಲೋ ಮಾತಾಡಿ ಬಂದವನು. ಕಾಪ್ರಾನ ಚಿತ್ರ ದೊಡ್ಡದೇ. ಉಳಿದವನ ಸಿಟ್ಟನ್ನು, ಮಕ್ಕಳ ಮೇಲೆ ಅವನು ಎಗರಾಡುವುದನ್ನು ಅದು ಮುಚ್ಚಿಡುವುದಿಲ್ಲ. ಆದರೂ ಅದರ ಕೊನೆಯ ಹತ್ತು ನಿಮಿಷ ಹೋದವರಿಗೆ ಹಿತವಾಗಿದೆ, ಉಳಿದವರಿಗೆ ಅಷ್ಟಲ್ಲ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣನ ಕಿಸೆಗೆ ಪಾಕೀಟು ತುರುಕಲು ಹೋದೆ. "ಇರಲಿ ಇಟ್ಕೊ. ಯುಗಾದಿಗೆ ಬಾ, ನಾಕ್ ದಿನ ಇದ್ದು ಹೋಗು" ಅಂದ. ಹೋದೆ, ನಾಲ್ಕು ದಿನ ಇದ್ದೆ. ಅವ್ವನನ್ನು ದವಾಖಾನೆಗೆ ಕರೆದೊಯ್ಯುವ ಪಾಳಿ ಆ ನಾಲ್ಕು ದಿನ ನನ್ನದಾಯಿತು.

ಈಗಲೂ ಡಿಸೆಂಬರಿನಲ್ಲಿ ಆ ಚಿತ್ರ ಹಾಕುತ್ತೇವೆ. ಊರಿನಲ್ಲಿರುವ ನೀವು ನೋಡುವುದಾದರೆ, ಹೊರಗಿನಿಂದ ಬಂದ ತಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಮುಗಿದ ಮೇಲೆ ಮೊದಲು ನೀವು ಮಾತಾಡಿ.