ಚೋಮನ ದುಡಿಯನ್ನು ಮಕ್ಕಳಿಗೆ ಓದಿಸುವ ಬಗೆ

ಕಾದಂಬರಿಯೊಂದನ್ನು ಮಕ್ಕಳಿಗೆ ಪಾಠ ಹೇಳುವವರು ಸಾಮಾನ್ಯವಾಗಿ ಕಥಾಸಾರದಿಂದ ತೊಡಗಿ, ಕೃತಿಯ ಆಶಯವನ್ನು ಒಂದು ವಾಕ್ಯದಲ್ಲಿ ಬರೆಯಿಸಿ ಮುಗಿಸುತ್ತಾರೆ. ಡಾ. ಶಿವರಾಮ ಕಾರಂತರ ‘ಚೋಮನ ದುಡಿ’ಯ ವಿಷಯದಲ್ಲಿ ಆ ವಾಕ್ಯ ಸಿದ್ಧವಾಗಿಯೇ ಇದೆ: ಇದು ಅಸ್ಪೃಶ್ಯತೆಯ ಅನ್ಯಾಯವನ್ನು ಚಿತ್ರಿಸುವ ಕೃತಿ. ಮಾತು ಸುಳ್ಳಲ್ಲ. ಆದರೆ ಅದನ್ನು ಓದಿಗೆ ಮುಂಚೆಯೇ ಕೈಗಿತ್ತರೆ ಮಕ್ಕಳಿಗೆ ಕೃತಿಯೊಳಗೆ ಹುಡುಕಲು ಏನೂ ಉಳಿಯದು. ಹಿಂದಿನ ಕಾಲದ ಕೆಟ್ಟ ಜನರು ಒಬ್ಬ ಬಡವನನ್ನು ಕಾಡಿದರು, ಈಗ ಹಾಗಿಲ್ಲ ಎಂಬ ಸಮಾಧಾನದೊಡನೆ ಅವರು ಪುಸ್ತಕವನ್ನು ಮುಚ್ಚುತ್ತಾರೆ. ಕಾರಂತರು ಈ ಸಮಾಧಾನವನ್ನು ಕೊಡಲು ಕಾದಂಬರಿ ಬರೆದವರಲ್ಲ.

೧೯೩೩ರಲ್ಲಿ ಪ್ರಕಟವಾದ ಈ ಚಿಕ್ಕ ಕಾದಂಬರಿಯ ಕಥೆ ಅನೇಕರಿಗೆ ಪರಿಚಿತ. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಒಂದು ಹಳ್ಳಿಯಲ್ಲಿ ಚೋಮನೆಂಬ ಜೀತದಾಳು ಇದ್ದಾನೆ. ಅವನ ಬಳಿ ಎರಡು ಎತ್ತುಗಳಿವೆ, ಉಳಲು ಭೂಮಿಯಿಲ್ಲ. ತಾನೂ ಬೇಸಾಯಗಾರನಾಗಬೇಕೆಂಬುದು ಅವನ ಜೀವಮಾನದ ಏಕೈಕ ಆಸೆ. ಅವನ ಜಾತಿಯವರು ಬೇಸಾಯ ಮಾಡಕೂಡದೆಂಬುದು ಊರಿನ ಕಟ್ಟಳೆ. ಸಾಲ, ಕಾಫಿ ತೋಟದ ದುಡಿಮೆ, ಜ್ವರ, ಸಾವು ಒಂದರ ಹಿಂದೆ ಒಂದರಂತೆ ಅವನ ಮನೆಯನ್ನು ಬರಿದು ಮಾಡುತ್ತವೆ. ಕೊನೆಗೆ ಅವನು ದುಡಿಯನ್ನು ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ.

ಇಷ್ಟನ್ನು ಓದಿದ ಮಕ್ಕಳನ್ನು ‘ಇದರ ನೀತಿಯೇನು?’ ಎಂದು ಕೇಳುವುದಕ್ಕಿಂತ ‘ಚೋಮನಿಗೆ ಭೂಮಿ ಕೊಡದವರು ಯಾರು?’ ಎಂದು ಕೇಳುವುದು ಲೇಸು. ಪ್ರಶ್ನೆ ಸರಳವೆಂದು ಕಾಣುತ್ತದೆ. ಒಡೆಯ ಸಂಕಪ್ಪಯ್ಯನೆಂದು ಅವರು ಕೂಡಲೇ ಹೇಳಿಯಾರು. ಮತ್ತೊಮ್ಮೆ ಪುಟ ತಿರುವಿದಾಗ ತೊಡಕು ಎದುರಾಗುತ್ತದೆ. ಸಂಕಪ್ಪಯ್ಯ ಕ್ರೂರಿಯಲ್ಲ. ಚೋಮನ ಬೇಡಿಕೆಯನ್ನು ಕೇಳುವಷ್ಟು ಮೃದುತ್ವ ಅವನಲ್ಲಿದೆ. ಅವನ ತಾಯಿ ಒಪ್ಪುವುದಿಲ್ಲ, ಅವನು ಹಿಂಜರಿಯುತ್ತಾನೆ. ಒಳ್ಳೆಯವನೊಬ್ಬನ ಹಿಂಜರಿಕೆ ಒಂದು ಕುಟುಂಬದ ನಾಶಕ್ಕೆ ಹೇಗೆ ದಾರಿಯಾಯಿತೆಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳಬೇಕು. ದುಷ್ಟನನ್ನು ಗುರುತಿಸಿ ತೋರಿಸುವುದು ಸುಲಭ. ಸಜ್ಜನನ ಮೌನವನ್ನು ಗುರುತಿಸಲು ಕಲಿಸುವುದು ಕಷ್ಟ. ಆದರೆ ಹೆಚ್ಚು ಅಗತ್ಯವಾದುದೂ ಅದೇ. ಒಂದು ಕಾಲದಲ್ಲಿ ಒಕ್ಕಲುಗಳನ್ನೂ ಆಳುಗಳನ್ನೂ ಇಟ್ಟುಕೊಂಡಿದ್ದ ಮನೆತನಗಳ ಮಕ್ಕಳಿಗಂತೂ ಈ ಪ್ರಶ್ನೆ ದೂರದ್ದಲ್ಲ.

ಹೊಳೆಯ ಪ್ರಸಂಗ ಇದಕ್ಕಿಂತಲೂ ತೀಕ್ಷ್ಣವಾದುದು. ಚೋಮನ ಕಿರಿಯ ಮಗ ನೀಲ ನೀರಿನಲ್ಲಿ ಮುಳುಗುತ್ತಿದ್ದಾನೆ. ದಡದಲ್ಲಿ ಜನರಿದ್ದಾರೆ. ಮುಟ್ಟಬಾರದವನೆಂಬ ಒಂದೇ ಕಾರಣಕ್ಕೆ ಯಾರ ಕೈಯೂ ಮುಂದಕ್ಕೆ ಬರುವುದಿಲ್ಲ. ಅಲ್ಲಿ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ; ಆದರೂ ಒಂದು ಜೀವ ಹೋಯಿತು. ಈ ಭಾಗವನ್ನು ಓದಿಸಿದ ಮೇಲೆ ಉಪಾಧ್ಯಾಯರು ಸ್ವಲ್ಪ ಹೊತ್ತು ಸುಮ್ಮನಿರುವುದು ಮೇಲು. ದಡದಲ್ಲಿ ನಿಂತವರ ಪೈಕಿ ಒಬ್ಬನಾಗಿ, ಅಂದು ರಾತ್ರಿ ಮನೆಗೆ ಹೋಗಿ ತಾಯಿಗೆ ಏನು ಹೇಳಿದೆ ಎಂಬುದನ್ನು ಬರೆಯಿರೆಂದು ಮಕ್ಕಳಿಗೆ ಹೇಳಬಹುದು. ನೀಲನ ಬಗೆಗೆ ಕನಿಕರ ಪಟ್ಟು ಬರೆಯುವ ಪ್ರಬಂಧಕ್ಕಿಂತ ಈ ಬರವಣಿಗೆ ಅವರನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಏಕೆಂದರೆ ಕನಿಕರ ಪಡುವವನು ತನ್ನನ್ನು ಸುಲಭವಾಗಿ ತಪ್ಪಿತಸ್ಥರ ಸಾಲಿನಿಂದ ಹೊರಗಿರಿಸಿಕೊಳ್ಳುತ್ತಾನೆ.

ಒಂದೇ ಉತ್ತರವಿಲ್ಲದ ಸನ್ನಿವೇಶಗಳೂ ಕೃತಿಯಲ್ಲಿವೆ. ಮತಾಂತರಗೊಂಡರೆ ಭೂಮಿ ದೊರೆತೀತೆಂಬ ಆಸೆಯಿಂದ ಹೊರಟ ಚೋಮ, ಪಂಜುರ್ಲಿ ದೈವದ ನೆನಪಿಗೆ ಅಂಜಿ ಹಿಂದಿರುಗುತ್ತಾನೆ. ಅದು ಭಕ್ತಿಯೇ, ಭಯವೇ, ಹಿರಿಯರ ಋಣವೇ? ಅಥವಾ ಎಲ್ಲವನ್ನೂ ಕಳೆದುಕೊಂಡವನು ಉಳಿದ ಒಂದನ್ನಾದರೂ ಬಿಡಲಾರದ ಹಟವೇ? ಇಲ್ಲಿ ಹಿರಿಯರು ತಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿದರೆ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಯಾವ ಉತ್ತರಕ್ಕಾದರೂ ಪುಸ್ತಕದಿಂದಲೇ ಆಧಾರ ತೋರಿಸಬೇಕೆಂಬ ಒಂದೇ ನಿಯಮ ಸಾಕು.

ಚೋಮನನ್ನು ಕೇವಲ ದೀನನೆಂದು ಚಿತ್ರಿಸಿ ಪಾಠ ಹೇಳುವುದೂ ಸರಿಯಲ್ಲ. ಅವನ ಮಗಳು ಬೆಳ್ಳಿ ಮನೆಯ ಭಾರವನ್ನೆಲ್ಲ ಹೊತ್ತವಳು. ತಂದೆಯ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದವಳು. ಆ ಸಾಲ ತೀರುವುದು ಅವಳ ಮಾನಕ್ಕೆ ಬಿದ್ದ ಪೆಟ್ಟಿನಿಂದ. ಅವಳನ್ನು ಮನ್ವೇಲನೊಡನೆ ಕಂಡ ಚೋಮ ಮನೆಯಿಂದ ಹೊರದೂಡುತ್ತಾನೆ. ಅನ್ಯಾಯಕ್ಕೆ ಗುರಿಯಾದವನೇ ತನಗಿಂತ ದುರ್ಬಲಳಾದವಳಿಗೆ ಅನ್ಯಾಯ ಮಾಡುವುದನ್ನು ಕಾರಂತರು ಮರೆಮಾಚಿಲ್ಲ. ಪಾಠ ಹೇಳುವವರೂ ಮರೆಮಾಚಬಾರದು. ಈ ಭಾಗದ ದೃಷ್ಟಿಯಿಂದ ಕಾದಂಬರಿಯನ್ನು ಪ್ರೌಢಶಾಲೆಯ ಮೇಲಿನ ತರಗತಿಗಳಿಗೆ ಇರಿಸಿಕೊಳ್ಳುವುದು ಉಚಿತ. ಇಷ್ಟಾಗಿಯೂ, ಹೊರದೂಡಲ್ಪಟ್ಟ ಬೆಳ್ಳಿಯ ಪಾಡನ್ನು ಹಿಂಬಾಲಿಸದೆ ಕೃತಿ ಚೋಮನ ಕಡೆಗೇ ತಿರುಗುತ್ತದೆ. ಏಕೆ ಹೀಗಾಯಿತೆಂದು ಮಕ್ಕಳು ಕೇಳಿದರೆ ಅದನ್ನು ಉದ್ಧಟತನವೆಂದು ಭಾವಿಸಬಾರದು. ಅದು ವಿಮರ್ಶೆಯ ಮೊದಲ ಹೆಜ್ಜೆ.

ಕಾದಂಬರಿಯ ಕಾಲವನ್ನೂ ತಿಳಿಸಿಕೊಡಬೇಕು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ೧೯೭೪ರ ಭೂಸುಧಾರಣಾ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಉಳುವವನಿಗೆ ಭೂಮಿ ಎಂಬ ಮಾತು ಕಾನೂನಾಯಿತು. ೧೯೭೬ರಲ್ಲಿ ಜೀತಪದ್ಧತಿ ನಿಷೇಧದ ಶಾಸನ ಬಂದಿತು. ಇಲ್ಲಿಗೆ ಚೋಮನ ದುಃಖ ಮುಗಿಯಿತೆಂದು ಮಕ್ಕಳು ತೀರ್ಮಾನಿಸುವ ಮೊದಲು ಇನ್ನೊಂದು ಪ್ರಶ್ನೆ ಕೇಳೋಣ: ೧೯೭೪ರವರೆಗೆ ಬದುಕಿದ್ದರೆ ಚೋಮನಿಗೆ ಭೂಮಿ ಸಿಗುತ್ತಿತ್ತೇ? ಆ ಕಾನೂನಿನ ಮುಖ್ಯ ಫಲ ಗೇಣಿಗೆ ಉಳುತ್ತಿದ್ದವರಿಗೆ ಸಂದಿತು. ತಾನು ಗೇಣಿದಾರನಾಗಲಾರೆನೆಂಬುದೇ ಚೋಮನ ಸಂಕಟ. ಕಾನೂನು ಬಂದಾಗಲೂ ಅವನು ಬಾಗಿಲ ಹೊರಗೇ ನಿಲ್ಲುವ ಸಂಭವವಿತ್ತು. ಒಂದು ಹಳೆಯ ಕಾದಂಬರಿ ನಂತರದ ಇತಿಹಾಸವನ್ನು ಪರೀಕ್ಷಿಸಲು ಸಾಧನವಾಗುವುದು ಹೀಗೆ.

ಬಿ.ವಿ. ಕಾರಂತರು ನಿರ್ದೇಶಿಸಿದ ೧೯೭೫ರ ಚಲನಚಿತ್ರ ಸ್ವರ್ಣಕಮಲ ಪಡೆದ ಕೃತಿ. ಅದನ್ನು ತೋರಿಸುವುದು ಒಳ್ಳೆಯದೇ. ಆದರೆ ಓದಿದ ಮೇಲೆ ತೋರಿಸಬೇಕು. ಚಿತ್ರದಲ್ಲಿ ದುಡಿಯ ಸದ್ದು ಕಿವಿಗೆ ತಾನಾಗಿ ಬೀಳುತ್ತದೆ. ಪುಸ್ತಕದಲ್ಲಿ ಅದನ್ನು ಓದುಗನೇ ಕೇಳಿಸಿಕೊಳ್ಳಬೇಕು. ದುಡಿ ಎಲ್ಲೆಲ್ಲಿ ನುಡಿಯುತ್ತದೆ, ಆಗ ಚೋಮನ ಮನಸ್ಸು ಹೇಗಿದೆ ಎಂದು ಗುರುತು ಮಾಡುತ್ತ ಹೋಗಲು ಮಕ್ಕಳಿಗೆ ಹೇಳಿದರೆ, ಯಾರೂ ಬರೆಯಿಸದೆಯೇ ಕೃತಿಯ ಆಶಯ ಅವರ ಕೈಗೆ ಹತ್ತುತ್ತದೆ. ತನ್ನ ಮಾತನ್ನು ಕೇಳುವವರಿಲ್ಲದವನಿಗೆ ಉಳಿದ ಮಾತು ಆ ದುಡಿ.

ನಮ್ಮ ಮನೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಮಕ್ಕಳಿಗೆ ಸದ್ಗ್ರಂಥಗಳನ್ನು ಕೊಡುವವರಿಗೆ ಕೊರತೆಯಿಲ್ಲ. ಕೊಟ್ಟ ಮೇಲೆ ಅವರ ಜತೆ ಕುಳಿತು ಓದುವವರು ಕಡಿಮೆ. ವಾರಕ್ಕೊಂದು ಸಂಜೆ, ಒಂದು ಅಧ್ಯಾಯ, ಒಂದು ಪ್ರಶ್ನೆ ಇಷ್ಟಾದರೂ ನಡೆಯಲಿ. ಮಕ್ಕಳ ಪ್ರಶ್ನೆ ಕೆಲವೊಮ್ಮೆ ಹಿರಿಯರ ಕಡೆಗೇ ತಿರುಗೀತು. ನಮ್ಮ ಮನೆಯಲ್ಲಿಯೂ ಒಬ್ಬ ಚೋಮನಿದ್ದನೇ ಎಂದು ಅವರು ಕೇಳಿದಾಗ, ತಿಳಿದುದನ್ನು ತಿಳಿದಂತೆ ಹೇಳುವ ಧೈರ್ಯ ನಮಗಿರಬೇಕು.